ಕ್ಲೊಂಪೆನ್ ಕೆತ್ತುವುದು: ಒಳಗೆ ಕೊರೆಯುವಾಗ ಅವಸರ ಬೇಡ

ಡಚ್ಚರ ಮರದ ಬೂಟಿಗೆ ಕ್ಲೊಂಪೆನ್ ಎಂದು ಹೆಸರು. ಅದನ್ನು ಕೈಯಿಂದಲೇ ಕೆತ್ತಲು ಕಲಿಸುವ ಕಾರ್ಯಾಗಾರಗಳು ನೆದರ್ಲೆಂಡ್ಸ್‌ನಲ್ಲಿ ಈಗಲೂ ನಡೆಯುತ್ತವೆ. ಬ್ರಬಾಂಟ್ ಕಡೆಯ ಅಂಥದ್ದೊಂದರಲ್ಲಿ ಕಲಿಯುವಾಗ ಜನ ಎಲ್ಲಿ ಕೆಡಿಸುತ್ತಾರೆ ಎಂದು ಹತ್ತಿರದಿಂದ ನೋಡಿದೆ. ಹೊರಗಿನ ಆಕಾರ ಎಲ್ಲರಿಗೂ ಹೇಗೋ ಬರುತ್ತದೆ. ಒಳಗೆ ಕೊರೆಯಲು ಶುರು ಮಾಡಿದ ಮೇಲೆ ಹೆಬ್ಬೆರಳಿನ ಜಾಗದಲ್ಲಿ ತೂತು ಬೀಳುತ್ತದೆ.

ಮೊದಲು ಮರ. ವಿಲ್ಲೋ ಅಥವಾ ಪಾಪ್ಲರ್ ಬಳಸುತ್ತಾರೆ. 1979ರಲ್ಲಿ ಆಮ್ಸ್ಟರ್‌ಡ್ಯಾಮಿನಲ್ಲಿ ಸಿಕ್ಕಿದ, ಸುಮಾರು 1230ರ ಕಾಲದ ಬೂಟು ಆಲ್ಡರ್ ಮರದ್ದು. ನನ್ನನ್ನು ಕೇಳಿದರೆ ವಿಲ್ಲೋನೇ ಆರಿಸಿಕೊಳ್ಳಿ. ಯಾವ ಮರವಾದರೂ ಹಸಿಯಾಗಿರಬೇಕು, ಕೆತ್ತುವಾಗ ಕೈಗೆ ತೇವ ತಾಗಬೇಕು. ಕರಕುಶಲ ಸಾಮಾನಿನ ಅಂಗಡಿಯಲ್ಲಿ ಸಿಗುವ ಒಣ ಮರದ ತುಂಡು ಮಾತ್ರ ಬೇಡವೇ ಬೇಡ. ಅಲಗು ಜಾರಿ ಕೈಗೆ ಬರುತ್ತದೆ.

ಪಾದಕ್ಕಿಂತ ಉದ್ದದ ದಿಮ್ಮಿಯನ್ನು ಬೆಣೆ ಹೊಡೆದು ಸೀಳಿ. ನಡುವಿನ ತಿರುಳನ್ನು ಬಿಟ್ಟುಬಿಡಿ, ಬಿರುಕು ಅಲ್ಲಿಂದಲೇ ಬರುವುದು. ಎರಡೂ ಬೂಟು ಒಂದೇ ದಿಮ್ಮಿಯದಾಗಿರಲಿ, ಆಗ ಒಣಗುವಾಗ ಹೆಚ್ಚುಕಮ್ಮಿ ಒಂದೇ ಸಮ ಕುಗ್ಗುತ್ತವೆ. ಎಡ, ಬಲ ಎಂದು ಈಗಲೇ ಗುರುತು ಹಾಕಿ. ಎರಡೂ ಎಡಗಾಲಿನದ್ದೇ ಕೆತ್ತಿ ಕೂತವರನ್ನು ನೋಡಿದ್ದೇನೆ.

ಕೊಡಲಿಯಿಂದ ಒರಟು ಆಕಾರ ಕೊಡಿ. ಆಮೇಲೆ ಬೆಂಚಿನ ಬಳೆಗೆ ತುದಿ ಸಿಕ್ಕಿಸಿದ ಉದ್ದನೆಯ ಕತ್ತಿಯಿಂದ ಹೊರಮೈ ನಯ ಮಾಡಿ.

ಈಗ ಕೊರೆಯುವುದು. ಜೋಡಿಯನ್ನು ಬೆಂಚಿನಲ್ಲಿ ಬೆಣೆಯಿಂದ ಬಿಗಿಯಾಗಿ ಕೂರಿಸಿ. ಅಲುಗಾಡಿದರೆ ನಿಲ್ಲಿಸಿ, ಮತ್ತೆ ಬಿಗಿ ಮಾಡಿ. ಬೈರಿಗೆಯಿಂದ ದಾರಿ ತೆರೆದ ಮೇಲೆ ಸೌಟಿನಂಥ ಬಾಯಿಯ ಬೈರಿಗೆ ಹಿಡಿಯಿರಿ. ಹಿಮ್ಮಡಿಯ ಕಡೆ ಅಗಲದ್ದು, ಬೆರಳಿನ ಕಡೆ ಸಣ್ಣದು. ತಪ್ಪಾಗುವುದು ಇಲ್ಲೇ. ಒಳಗೆ ಏನೂ ಕಾಣದ ಕಾರಣ ಜನ ಜೋರಾಗಿ ಒತ್ತುತ್ತಾರೆ, ಅಲಗು ನೇರ ಮುಂದಕ್ಕೆ ನುಗ್ಗಿ ಮೂತಿಯನ್ನೋ ಅಟ್ಟೆಯನ್ನೋ ತೂರಿಕೊಂಡು ಹೊರಗೆ ಬರುತ್ತದೆ. ಒತ್ತಬೇಡಿ, ತಿರುಗಿಸಿ. ಮಣಿಕಟ್ಟು ಹೊರಳಿಸುತ್ತಾ ಮೈಭಾರ ಸ್ವಲ್ಪವೇ ಬಿಟ್ಟರೆ ತೆಳ್ಳಗಿನ ಸುರುಳಿ ಬರುತ್ತದೆ. ಪುಡಿ ಬಂದರೆ ಅಲಗು ಮೊಂಡಾಗಿದೆ ಎಂದೇ ತಿಳಿಯಿರಿ, ಹರಿತ ಮಾಡಿಕೊಳ್ಳಿ. ನಾಲ್ಕು ಸುರುಳಿಗೊಮ್ಮೆ ನಿಲ್ಲಿಸಿ, ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಟ್ಟು ದಪ್ಪ ನೋಡಿ. ಬೆರಳಿನಿಂದ ತಟ್ಟಿ, ತೆಳುವಾದ ಕಡೆ ಸದ್ದು ಬದಲಾಗುತ್ತದೆ. ಅಟ್ಟೆ ಕೈಯ ಹೆಬ್ಬೆರಳಿನಷ್ಟು ದಪ್ಪ ಇರಲಿ. ಮೂತಿಯನ್ನು ಹಗುರ ಮಾಡುವ ಆಸೆಗೆ ಬೀಳಬೇಡಿ. ಯುರೋಪಿನಲ್ಲಿ ಸುರಕ್ಷತಾ ಪಾದರಕ್ಷೆ ಎಂದು ಸಿಇ ಗುರುತು ಪಡೆದ ಕ್ಲೊಂಪೆನ್ ಮಾರುತ್ತಾರೆ, ಕಾಲಿನ ಮೇಲೆ ಭಾರ ಬಿದ್ದಾಗ ಕಾಯುವುದು ಆ ಮೂತಿಯೇ ಅಲ್ವಾ!

ಇನ್ನೊಂದು ಮಾತು. ಬೂಟಿನ ಬಾಯಿಯ ಅಂಚು ಪಾದದ ಮೇಲ್ಭಾಗವನ್ನು ಒತ್ತುತ್ತದೆ. ಅದರ ಒಳಬದಿಯನ್ನು ಚೆನ್ನಾಗಿ ದುಂಡಗೆ ಮಾಡದಿದ್ದರೆ ಹತ್ತು ಹೆಜ್ಜೆಗೇ ನೋವು ಶುರು. ನಮ್ಮ ಹಾವುಗೆಯಲ್ಲಿ ಕಾಲು ಮೇಲೆ ಕೂರುತ್ತದೆ, ಇಲ್ಲಿ ಇಡೀ ಪಾದ ಒಳಗೆ ಹೋಗುತ್ತದೆ. ಅಳತೆಯನ್ನು ದಪ್ಪ ಉಣ್ಣೆಯ ಕಾಲುಚೀಲ ಹಾಕಿಯೇ ತೆಗೆದುಕೊಳ್ಳಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಆಡಬೇಕು. ಒಣಗಿದಾಗ ಮರ ಕುಗ್ಗುವುದಕ್ಕೂ ಸ್ವಲ್ಪ ಬಿಡಿ.

ಸುಲಭದ ದಾರಿಯೂ ಇದೆ. ಬೀಗದ ಕೀ ನಕಲು ಮಾಡುವ ಹಾಗೆ, ಮಾದರಿ ಬೂಟನ್ನು ನೋಡಿ ಕೆತ್ತುವ ಯಂತ್ರ. ಆಮ್ಸ್ಟರ್‌ಡ್ಯಾಮ್ ಹತ್ತಿರದ, ಗಾಳಿಗಿರಣಿಗಳ ಊರು ಝಾನ್ಸೆ ಸ್ಖಾನ್ಸ್‌ನಲ್ಲಿ ಪ್ರವಾಸಿಗರು ನೋಡುವುದು ಅದನ್ನೇ. ನೋಡಲು ಚೆಂದ, ಆದರೆ ಕೆತ್ತುವುದನ್ನು ಕಲಿಯಬೇಕಾದರೆ ಕೈಯೇ ಬೇಕು. ಕೆಲವು ಕಾರ್ಯಾಗಾರಗಳಲ್ಲಿ ಸಿದ್ಧ ಬೂಟು ಕೊಟ್ಟು ಸುಮ್ನೆ ಬಣ್ಣ ಹಚ್ಚಿಸಿ ಕಳಿಸುತ್ತಾರೆ, ದುಡ್ಡು ಕಟ್ಟುವ ಮೊದಲು ಕೇಳಿಕೊಳ್ಳಿ.

ನೆರಳಲ್ಲಿ, ಗಾಳಿಯಾಡುವ ಕಡೆ ಕೆಲವು ವಾರ ಒಣಗಲಿ. ಬಿಸಿಲು, ಹೀಟರ್ ಬೇಡ, ಸೀಳುತ್ತದೆ. ಆಮೇಲೆ ಮರಳು ಕಾಗದ. ಬಣ್ಣ ಬೇಕಿದ್ದರೆ ಹೊರಗೆ ಮಾತ್ರ. ಒಳಗೆ ವಾರ್ನಿಷ್ ಬಳಿದ ಜೋಡಿಯನ್ನು ನಾನು ಕಾಲಿಗೇ ಹಾಕುವುದಿಲ್ಲ, ಬೆವರನ್ನು ಹೀರುವುದು ಬರಿಯ ಮರ ಮಾತ್ರ.