ಪೆಟ್ರೋಲ್ ನಡುವೆ ಕೆಲಸವೇ? ರಕ್ತದ ಲೆಕ್ಕ ಇಡುವುದು ಹೀಗೆ

ಬಂಕ್‌ನಲ್ಲಿ ಪೆಟ್ರೋಲ್ ಹಾಕುವವರು, ಟ್ಯಾಂಕರ್ ಲೋಡ್ ಇಳಿಸುವವರು, ಗ್ಯಾರೇಜಿನ ಮೆಕ್ಯಾನಿಕ್‌ಗಳು, ತಿನ್ನರ್ ಬೆರೆಸುವ ಪೇಂಟರ್‌ಗಳು ರಕ್ತ ಪರೀಕ್ಷೆ ಮಾಡಿಸುವುದೇ ಅಪರೂಪ. ಮಾಡಿಸಿದವರೂ ‘ನಾರ್ಮಲ್’ ಎಂಬ ಪದ ನೋಡಿ ರಿಪೋರ್ಟ್ ಬಿಸಾಡುತ್ತಾರೆ. ಕೊಟ್ಟ ದುಡ್ಡು ಅಲ್ಲಿಗೆ ದಂಡ.

ಪೆಟ್ರೋಲಿನಲ್ಲಿ ರಕ್ತಕ್ಕೆ ಕುತ್ತು ತರುವ ಬೆಂಜೀನ್ ಎಂಬ ರಾಸಾಯನಿಕ ಇರುತ್ತದೆ. ಬಿಎಸ್-6 ಪೆಟ್ರೋಲಿನಲ್ಲಿ ಅದು ಶೇ 1ನ್ನು ಮೀರುವಂತಿಲ್ಲ. ಅಂದರೆ ಲೀಟರಿಗೆ 10 ಮಿ.ಲೀ. ತನಕ ಇರಬಹುದು. ಉಸಿರಿನಲ್ಲಿ ಒಳಹೋದ ಬೆಂಜೀನ್ ಯಕೃತ್ತಿನಲ್ಲಿ ಫೀನಾಲ್, ಹೈಡ್ರೋಕ್ವಿನೋನ್ ಆಗಿ ಒಡೆಯುತ್ತದೆ. ಇವು ಮೂಳೆಯ ಮಜ್ಜೆ ಸೇರಿ, ರಕ್ತ ಹುಟ್ಟಿಸುವ ಮೂಲಕೋಶಗಳನ್ನೇ ಕೆಡಿಸುತ್ತವೆ. ಬೆಂಜೀನ್ ಇದ್ದ ಅಂಟು ಬಳಸುತ್ತಿದ್ದ ಇಸ್ತಾಂಬುಲ್‌ನ ಚಪ್ಪಲಿ ಕೆಲಸಗಾರರಲ್ಲಿ ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ಹೆಚ್ಚಿರುವುದನ್ನು ವೈದ್ಯ ಮುಜಫ್ಫರ್ ಅಕ್ಸೊಯ್ 1974ರಲ್ಲಿ ತೋರಿಸಿದ್ದರು. ಪೆಟ್ರೋಲ್ ಮುಟ್ಟಿದವರಿಗೆಲ್ಲ ಕಾಯಿಲೆ ಬರುವುದಿಲ್ಲ. ಎಷ್ಟು ಪ್ರಮಾಣ, ಎಷ್ಟು ವರ್ಷ ಎಂಬುದರ ಮೇಲೆ ಅಪಾಯ ಏರುತ್ತದೆ.

ಮೊದಲು ಆವಿ ತಗ್ಗಿಸಿ

ಪೆಟ್ರೋಲಿನಲ್ಲಿ ಕೈ ತೊಳೆಯುವುದನ್ನು ಇವತ್ತೇ ಬಿಡಿ. ಅದು ಚರ್ಮದ ಜಿಡ್ಡನ್ನು ತೆಗೆದು, ಬೆಂಜೀನ್ ಒಳಗಿಳಿಯಲು ದಾರಿ ಮಾಡುತ್ತದೆ. ಪೈಪನ್ನು ಬಾಯಿಂದ ಎಳೆದು ಪೆಟ್ರೋಲ್ ತೆಗೆಯಬೇಡಿ, ಹಿಚುಕುವ ರಬ್ಬರ್ ಪಂಪ್ ಇಟ್ಟುಕೊಳ್ಳಿ. ಬಂಕ್‌ನಲ್ಲಿ ನಾಝಲ್ ತಾನಾಗಿ ಕಟ್ ಆದ ಮೇಲೆ ‘ಇನ್ನೂ ಸ್ವಲ್ಪ’ ಎಂದು ತುಂಬಿಸಬೇಡಿ. ಆ ಆವಿ ನೇರ ಮುಖಕ್ಕೇ ಬರುತ್ತದೆ. ಬಿಡಿಭಾಗ ತೊಳೆಯಲು ನೀರಿನಲ್ಲಿ ಬೆರೆಸುವ, ಜಿಡ್ಡು ತೆಗೆಯುವ ಡಿಗ್ರೀಸರ್ ಸಾಕು. ಅದು ಸಿಗದಿದ್ದರೆ ಡೀಸೆಲ್ ಆದೀತು, ಅದರಲ್ಲಿ ಬೆಂಜೀನ್ ತೀರಾ ಕಡಿಮೆ. ಯಾವುದೇ ಇರಲಿ, ಟ್ರೇಗೆ ಮುಚ್ಚಳ ಇರಲಿ. ಬೆಂಜೀನ್ ಆವಿ ಗಾಳಿಗಿಂತ ಸುಮಾರು 2.7 ಪಟ್ಟು ಭಾರ. ಹಾಗಾಗಿ ಗಾಡಿಯ ಕೆಳಗಿನ ಗುಂಡಿಯಲ್ಲಿ ಅದು ತಂಗಿ ನಿಲ್ಲುತ್ತದೆ.

ಮೂಗನ್ನು ನಂಬಬೇಡಿ. ಅಮೆರಿಕದ ಕೆಲಸದ ಸುರಕ್ಷತಾ ನಿಯಮ 1987ರಿಂದ 8 ಗಂಟೆಯ ಸರಾಸರಿಗೆ 1 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಒಂದು ಭಾಗ ಬೆಂಜೀನ್) ಮಿತಿ ಇಟ್ಟಿದೆ. ಬೆಂಜೀನಿನ ವಾಸನೆ ತಿಳಿಯುವ ಹೊತ್ತಿಗೆ ಸಾಮಾನ್ಯವಾಗಿ ಆ ಮಿತಿ ದಾಟಿರುತ್ತದೆ.

ಮಾಸ್ಕ್ ವಿಚಾರದಲ್ಲಿ ದುಡ್ಡು ಪೋಲಾಗುವುದು ಹೆಚ್ಚು. ಕರವಸ್ತ್ರ, ಸರ್ಜಿಕಲ್ ಮಾಸ್ಕ್, ಎನ್-95 ಯಾವುದೂ ಆವಿಯನ್ನು ತಡೆಯುವುದಿಲ್ಲ, ಅವು ಧೂಳಿಗೆ. ಬೇಕಾದದ್ದು ಇದ್ದಿಲು ತುಂಬಿದ, ಸಾವಯವ ಆವಿಗೆಂದೇ ಮಾಡಿದ ಕಾರ್ಟ್ರಿಡ್ಜ್. ಅದಕ್ಕೆ ಯುರೋಪಿನ ಪದ್ಧತಿಯಲ್ಲಿ ಕಂದು ಪಟ್ಟಿ, ಅಮೆರಿಕದ್ದರಲ್ಲಿ ಕಪ್ಪು. ಗಡ್ಡವಿದ್ದರೆ ಮಾಸ್ಕ್ ಮುಖಕ್ಕೆ ಕೂರುವುದಿಲ್ಲ. ಕೆಲಸ ಮುಗಿದ ಮೇಲೆ ಗಾಳಿಯಾಡದ ಕವರಿನಲ್ಲಿ ಇಡದಿದ್ದರೆ ಗೋಡೆಗೆ ನೇತುಹಾಕಿದ್ದಲ್ಲೇ ಅದು ಆವಿ ಹೀರುತ್ತಿರುತ್ತದೆ. ಮೆಡಿಕಲ್ ಶಾಪಿನ ತೆಳು ಲೇಟೆಕ್ಸ್ ಗ್ಲೌಸ್ ಕೂಡ ಬೇಡ. ಪೆಟ್ರೋಲ್ ಹನಿ ಸಿಡಿಯುವ ಕೆಲಸಕ್ಕೆ ದಪ್ಪ ನೈಟ್ರೈಲ್ ನಡೆಯುತ್ತದೆ, ಆದರೆ ಶುದ್ಧ ಬೆಂಜೀನ್ ಅದನ್ನೂ ನಿಮಿಷಗಳಲ್ಲಿ ದಾಟುತ್ತದೆ.

ಒಳಗೇನಿದೆ ಎಂದು ಬರೆಯದ ಲೂಸ್ ತಿನ್ನರನ್ನು ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳಲೇಬೇಡಿ. ತಯಾರಕರ ಸುರಕ್ಷತಾ ಹಾಳೆ ಕೇಳಿ, ಮೂರನೇ ವಿಭಾಗದಲ್ಲಿ 71-43-2 ಎಂಬ ಸಂಖ್ಯೆ ಹುಡುಕಿ. ಅದು ಬೆಂಜೀನಿನ ಗುರುತು. ಹೆಸರು ‘ಬೆಂಜಾಲ್’ ಎಂದಿದ್ದರೂ ಸಂಖ್ಯೆ ಬದಲಾಗುವುದಿಲ್ಲ.

ಈಗ ರಕ್ತ

ಕೆಲಸಕ್ಕೆ ಸೇರುವ ಮೊದಲೇ ಒಂದು ಸಿಬಿಸಿ (ರಕ್ತಕಣಗಳನ್ನೆಲ್ಲ ಎಣಿಸುವ ಪರೀಕ್ಷೆ) ಮಾಡಿಸಿ. ಈಗಾಗಲೇ ಸೇರಿದ್ದರೆ ಈ ವಾರವೇ ಆಗಲಿ. ಬಿಳಿ ರಕ್ತಕಣಗಳ ವಿಂಗಡಣೆ ಮತ್ತು ಪ್ಲೇಟ್‌ಲೆಟ್ ಎರಡೂ ಬೇಕೆಂದು ಬಾಯಿಬಿಟ್ಟು ಹೇಳಿ. ಬಿಪಿ, ಶುಗರ್ ನೋಡಿ ಕಳಿಸುವ ಆರೋಗ್ಯ ಶಿಬಿರಗಳಿಂದ ಈ ಕೆಲಸ ಆಗದು. ಖಾಲಿ ಹೊಟ್ಟೆಯಲ್ಲಿ ಹೋಗಬೇಕಿಲ್ಲ. ಆಮೇಲೆ ವರ್ಷಕ್ಕೊಂದು ಕನಿಷ್ಠ. ಗ್ಯಾರೇಜ್, ಬಂಕ್‌ನವರು ಆರು ತಿಂಗಳಿಗೊಮ್ಮೆ ಮಾಡಿಸಲಿ, ಅದೂ ಪ್ರತಿ ಸಲ ಒಂದೇ ಲ್ಯಾಬಿನಲ್ಲಿ. ಯಂತ್ರ ಬದಲಾದರೆ ಅಂಕಿಯೂ ಅಲ್ಪಸ್ವಲ್ಪ ಹೊಯ್ದಾಡುತ್ತದೆ. ಮಳೆಗಾಲದಲ್ಲಿ ಡೆಂಗಿ, ವೈರಲ್ ಜ್ವರ ಬಂದು ಹೋಗಿದ್ದರೆ ನಾಲ್ಕು ವಾರ ಕಾಯಿರಿ. ಜ್ವರವೇ ಪ್ಲೇಟ್‌ಲೆಟ್ ಇಳಿಸಿರುತ್ತದೆ, ಲೆಕ್ಕ ಕೆಡುತ್ತದೆ.

ಎಡವುವುದು ರಿಪೋರ್ಟ್ ಓದುವಲ್ಲಿ. ಬಿಳಿ ಕಣ 4,000ರಿಂದ 11,000ದೊಳಗಿದ್ದರೆ ಲ್ಯಾಬ್ ‘ನಾರ್ಮಲ್’ ಎನ್ನುತ್ತದೆ. ಒಬ್ಬರಿಗೆ ಮೊದಲ ಸಲ 8,200, ಮುಂದಿನ ಸಲ 6,400, ಆಮೇಲೆ 4,600 ಬಂತು ಅಂದುಕೊಳ್ಳಿ. ಮೂರೂ ನಾರ್ಮಲ್ ಗೆರೆಯೊಳಗೇ ಇವೆ, ಆದರೆ ಕಣಗಳು ಅರ್ಧದ ಹತ್ತಿರಕ್ಕೆ ಕುಸಿದಿವೆ. ಮೂರು ಹಾಳೆಯನ್ನೂ ಪಕ್ಕಪಕ್ಕ ಇಟ್ಟು ನೋಡದಿದ್ದರೆ ಇದು ಯಾರ ಕಣ್ಣಿಗೂ ಬೀಳುವುದಿಲ್ಲ.

ಶೇಕಡಾ ಅಂಕಿಯೂ ದಾರಿ ತಪ್ಪಿಸುತ್ತದೆ. ಬೆಂಜೀನ್ ಮೊದಲು ತಗ್ಗಿಸುವ ಕಣಗಳಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣ ಒಂದು. ರಿಪೋರ್ಟಿನಲ್ಲಿ ‘ಲಿಂಫೋಸೈಟ್ ಶೇ 30’ ಎಂದಷ್ಟೇ ಇದ್ದರೆ ಒಟ್ಟು ಬಿಳಿ ಕಣದಿಂದ ಗುಣಿಸಿ, 100ರಿಂದ ಭಾಗಿಸಿ. ಬಿಳಿ ಕಣ 8,200 ಇದ್ದಾಗ ಅದು 2,460. 4,600 ಇದ್ದಾಗ 1,380. ಶೇಕಡಾ ಅಲ್ಲಾಡಲಿಲ್ಲ, ಕಣ ಮಾತ್ರ ಕರಗಿತು. ಇನ್ನೊಂದು ಬಗೆಯ ಬಿಳಿ ಕಣವಾದ ನ್ಯೂಟ್ರೋಫಿಲ್‌ಗೂ ಇದೇ ಲೆಕ್ಕ.

ನೂರು ಪುಟದ ನೋಟ್‌ಬುಕ್ಕಿನಲ್ಲಿ ಕಾಲಂ ಎಳೆದು ದಿನಾಂಕ, ಹಿಮೋಗ್ಲೋಬಿನ್, ಎಂಸಿವಿ (ಕೆಂಪು ಕಣದ ಸರಾಸರಿ ಗಾತ್ರ), ಬಿಳಿ ಕಣ, ಲಿಂಫೋಸೈಟ್, ನ್ಯೂಟ್ರೋಫಿಲ್, ಪ್ಲೇಟ್‌ಲೆಟ್, ಆಗ ಮಾಡುತ್ತಿದ್ದ ಕೆಲಸ ಇಷ್ಟನ್ನು ಬರೆಯಿರಿ. ಮೊಬೈಲ್ ಆ್ಯಪ್‌ಗಿಂತ ಇದೇ ವಾಸಿ. ವೈದ್ಯರು ಒಂದೇ ನೋಟಕ್ಕೆ ಕಾಲಂನಲ್ಲಿ ಇಳಿಕೆ ಹಿಡಿಯುತ್ತಾರೆ. ಹಿಮೋಗ್ಲೋಬಿನ್ ಒಂದೇ ಇಳಿದಿದ್ದರೆ ಕಬ್ಬಿಣದ ಕೊರತೆ ಇದ್ದೀತು. ಎರಡು ಮೂರು ಬಗೆಯ ಕಣಗಳು ಒಟ್ಟಿಗೆ ಇಳಿಯುತ್ತಿದ್ದರೆ, ಅಥವಾ ಎಂಸಿವಿ 100 ದಾಟಿದರೆ, ರಕ್ತರೋಗ ತಜ್ಞರಲ್ಲಿಗೆ ಹೋಗಿ; ಬಿ-12 ಕೊರತೆ, ಮದ್ಯಪಾನದಿಂದಲೂ ಹೀಗಾಗುತ್ತದೆಯೇ ಎಂದು ಅವರೇ ಬೇರ್ಪಡಿಸಲಿ. ಪ್ಲೇಟ್‌ಲೆಟ್ ಮಾತ್ರ ದಿಢೀರನೆ ಬಿದ್ದಿದ್ದರೆ ಗಾಬರಿ ಬೇಡ. ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕೆಲವರ ಪ್ಲೇಟ್‌ಲೆಟ್ ಗಂಟುಕಟ್ಟಿ, ಯಂತ್ರ ಕಡಿಮೆ ಎಣಿಸುತ್ತದೆ. ಗಾಜಿನ ಮೇಲೆ ರಕ್ತ ಸವರಿ ಸೂಕ್ಷ್ಮದರ್ಶಕದಲ್ಲಿ ನೋಡುವ ಸ್ಮಿಯರ್ ಮಾಡಿಸಿ, ನೀಲಿ ಮುಚ್ಚಳದ ಸಿಟ್ರೇಟ್ ಟ್ಯೂಬಿನಲ್ಲಿ ಮತ್ತೆ ಎಣಿಸಲು ಹೇಳಿ.

ಸಿಬಿಸಿ ತೋರಿಸುವುದು ದೇಹಕ್ಕೆ ಆಗಿರುವ ಪೆಟ್ಟನ್ನು. ಬೆಂಜೀನ್ ಎಷ್ಟು ಒಳಹೋಗುತ್ತಿದೆ ಎಂದು ತಿಳಿಯಲು ಮೂತ್ರ ಪರೀಕ್ಷೆ ಬೇಕು. ಅದರಲ್ಲಿ, ಬೆಂಜೀನ್ ಒಡೆದಾಗ ಹುಟ್ಟುವ ಎಸ್-ಫಿನೈಲ್ ಮರ್ಕ್ಯಾಪ್ಚುರಿಕ್ ಆಮ್ಲ ಅಳೆಯುವುದು ಮೇಲು. ಹಾಗೆಯೇ ಹುಟ್ಟುವ ಮ್ಯುಕೋನಿಕ್ ಆಮ್ಲವನ್ನೂ ಅಳೆಯುತ್ತಾರೆ, ಆದರೆ ಜಾಮ್, ಸಾಸ್‌ಗಳಲ್ಲಿ ಕೆಡದಂತೆ ಹಾಕುವ ಸೋರ್ಬಿಕ್ ಆಮ್ಲ ಅದನ್ನು ಏರಿಸುತ್ತದೆ. ಬೀಡಿ, ಸಿಗರೇಟಿನ ಹೊಗೆಯಲ್ಲೇ ಬೆಂಜೀನ್ ಇರುವುದರಿಂದ ಸೇದುವವರು ಅದನ್ನು ಮೊದಲೇ ಹೇಳಬೇಕು. ಮಾದರಿ ಕೊಡುವುದು ಪಾಳಿ ಮುಗಿದ ತಕ್ಷಣ. ರಜೆ ಕಳೆದು ಸೋಮವಾರ ಬೆಳಿಗ್ಗೆ ಕೊಟ್ಟರೆ ಏನೂ ಸಿಗದು.

ವಸಡಿನಲ್ಲಿ ರಕ್ತ, ಪೆಟ್ಟಿಲ್ಲದೆ ಮೈಮೇಲೆ ನೀಲಿ ಕಲೆ, ಬಿಟ್ಟುಬಿಟ್ಟು ಬರುವ ಜ್ವರ, ಮೆಟ್ಟಿಲು ಹತ್ತಿದರೆ ಏದುಸಿರು ಇದ್ದರೆ ಆರು ತಿಂಗಳ ಗಡುವು ನೋಡಬೇಡಿ, ಟಾನಿಕ್ ಕುಡಿಯುತ್ತಲೂ ಕೂರಬೇಡಿ. ಅದೇ ದಿನ ಸಿಬಿಸಿ. ವೈದ್ಯರಿಗೆ ಹೇಳುವ ಮೊದಲ ಮಾತು ‘ಪೆಟ್ರೋಲ್ ಕೆಲಸ, ಇಷ್ಟು ವರ್ಷ’ ಎಂದಿರಲಿ, ಅದನ್ನು ಚೀಟಿಯಲ್ಲಿ ಬರೆಸಿಕೊಳ್ಳಿ. ನೌಕರರ ಪರಿಹಾರ ಕಾಯ್ದೆಯ ಬದಲಿಗೆ 2025ರಲ್ಲಿ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಮೂರನೇ ಅನುಸೂಚಿಯಲ್ಲಿ ಬೆಂಜೀನ್‌ನಿಂದ ಬರುವ ಕಾಯಿಲೆ ಇದೆ. ಮುಂದೆ ಪರಿಹಾರ ಕೇಳುವಾಗ ಬರೆದಿಟ್ಟದ್ದೇ ಆಧಾರ. ಕಾಯಿಲೆ ಕೆಲಸ ಬಿಟ್ಟು ವರ್ಷಗಳಾದ ಮೇಲೂ ತಲೆಯೆತ್ತಬಹುದು. ಆದ್ದರಿಂದ ಕೆಲಸ ಬದಲಾದರೂ ನೋಟ್‌ಬುಕ್ ಎಸೆಯಬೇಡಿ. ಥರ್ಮಲ್ ಕಾಗದದ ರಿಪೋರ್ಟ್ ಕೊಟ್ಟರೆ ಅದೇ ವಾರ ಜೆರಾಕ್ಸ್ ಮಾಡಿಸಿ ಒಳಗೆ ಅಂಟಿಸಿ, ಬರುವ ಬೇಸಿಗೆಯ ಹೊತ್ತಿಗೆ ಅದರ ಅಕ್ಷರ ಮಾಸಿಹೋಗಿರುತ್ತದೆ.