ತ್ಯಾಗರಾಜರದ್ದೋ, ದೀಕ್ಷಿತರದ್ದೋ? ಕಿವಿಯಲ್ಲೇ ಹಿಡಿಯುವುದು ಹೀಗೆ

ಉಡುಪಿಯ ರಾಜಾಂಗಣದಲ್ಲಿ ಕರ್ನಾಟಕ ಸಂಗೀತದ ಕಚೇರಿ ಕೇಳಲು ಕೂತರೆ, ಹಾಡು ಶುರುವಾದ ಸ್ವಲ್ಪ ಹೊತ್ತಿಗೇ ಪಕ್ಕದ ಕುರ್ಚಿಯವರು 'ದೀಕ್ಷಿತರದ್ದು' ಎಂದು ಹೇಳಿಬಿಡುತ್ತಾರೆ. ಅವರಿಗೆ ಆ ಕೃತಿ ಮೊದಲೇ ಗೊತ್ತಿರಬಹುದು, ಅದು ಬೇರೆ ವಿಷಯ. ಗೊತ್ತಿಲ್ಲದ ಕೃತಿಯನ್ನೂ ತ್ಯಾಗರಾಜರು, ದೀಕ್ಷಿತರು, ಶ್ಯಾಮಾ ಶಾಸ್ತ್ರಿಗಳು ಎಂಬ ಮೂವರಲ್ಲಿ ಯಾರು ಕಟ್ಟಿದ್ದು ಎಂದು ಹಿಡಿಯಬಹುದು. ರಾಗ ಗುರುತಿಸುವುದಕ್ಕಿಂತ ಇದು ಸುಲಭ ಎಂದೇ ನನ್ನ ಲೆಕ್ಕ.

ಮೊದಲು ಅಂಕಿತ, ಅಂದರೆ ಹಾಡು ಕಟ್ಟಿದವರು ಅದರೊಳಗೇ ಇಡುವ ಗುರುತಿನ ಹೆಸರು. ಸಾಮಾನ್ಯವಾಗಿ ಹಾಡಿನ ಕೊನೆಯ ಭಾಗವಾದ ಚರಣದ ಕೊನೆಗೆ ಬರುತ್ತದೆ. ತ್ಯಾಗರಾಜರು (1767–1847) ತಮ್ಮ ಹೆಸರನ್ನೇ ಇಡುತ್ತಾರೆ. ಮುತ್ತುಸ್ವಾಮಿ ದೀಕ್ಷಿತರದ್ದು (1775–1835) 'ಗುರುಗುಹ', ಶ್ಯಾಮಾ ಶಾಸ್ತ್ರಿಗಳದ್ದು (1762–1827) 'ಶ್ಯಾಮಕೃಷ್ಣ'. ಆದರೆ 'ತ್ಯಾಗರಾಜ' ಎಂದು ಕೇಳಿದ ಕೂಡಲೇ ತೀರ್ಪು ಕೊಡಬೇಡಿ. ತಿರುವಾರೂರಿನ ಶಿವನ ಹೆಸರೂ ತ್ಯಾಗರಾಜ, ಅವನ ಮೇಲೆ ದೀಕ್ಷಿತರು ಸುಮಾರು ಕೃತಿ ಮಾಡಿದ್ದಾರೆ. ಆನಂದಭೈರವಿಯ 'ತ್ಯಾಗರಾಜ ಯೋಗ ವೈಭವಂ' ದೀಕ್ಷಿತರದ್ದೇ.

ಭಾಷೆಯೂ ಸಹಾಯಕ್ಕೆ ಬರುತ್ತದೆ. ಸಂಸ್ಕೃತವಾದರೆ ದೀಕ್ಷಿತರು ಇರಬಹುದು, ತೆಲುಗಾದರೆ ಉಳಿದಿಬ್ಬರಲ್ಲಿ ಒಬ್ಬರು. ಇದನ್ನೇ ಪೂರ್ತಿ ನಂಬಿದರೆ ಕಷ್ಟ, ಯಾಕೆಂದರೆ ನಾಟ ರಾಗದ 'ಜಗದಾನಂದಕಾರಕ' ಸಂಸ್ಕೃತದಲ್ಲಿದೆ, ಅದು ತ್ಯಾಗರಾಜರ ಪಂಚರತ್ನ ಎಂಬ ಐದು ಕೃತಿಗಳಲ್ಲಿ ಮೊದಲನೆಯದು!

ದೇವರನಾಮ ಬಂದರೆ ಮಾತ್ರ ಧಾಟಿ ಕೇಳಿ ಊಹಿಸಲು ಹೋಗಬೇಡಿ. ದಾಸರ ಕಾಲದ ಧಾಟಿಗಳು ಹೆಚ್ಚಾಗಿ ನಮಗೆ ಉಳಿದು ಬಂದಿಲ್ಲ, ಈಗ ಕೇಳುವುದು ಬಹುಪಾಲು ಆಮೇಲಿನವರು ಕೂಡಿಸಿದ್ದು. ಹಾಗಾಗಿ ಇಲ್ಲಿ ಸಾಹಿತ್ಯವೇ ಗತಿ. 'ಪುರಂದರವಿಠಲ' ಎಲ್ಲರಿಗೂ ಗೊತ್ತು, 'ಹಯವದನ' ಬಂದರೆ ನಮ್ಮ ವಾದಿರಾಜರು, 'ಕಾಗಿನೆಲೆಯಾದಿಕೇಶವ' ಕನಕದಾಸರು. 'ಕೃಷ್ಣಾ ನೀ ಬೇಗನೆ ಬಾರೋ' ಕೊನೆಯಲ್ಲಿ 'ಉಡುಪಿ ಶ್ರೀಕೃಷ್ಣ' ಬರುತ್ತದಲ್ಲಾ, ಅದು ವ್ಯಾಸರಾಯರ ಪದ.

ಸರಿ, ಮಾತೇ ಇಲ್ಲದಿದ್ದರೆ? ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ಕೇಳಿ ಬೆಳೆದ ಊರು ಇದು. ವಾದ್ಯದಲ್ಲಿ ಅಂಕಿತವೂ ಇಲ್ಲ, ಭಾಷೆಯೂ ಇಲ್ಲ. ನಿಜವಾದ ಕೆಲಸ ಇಲ್ಲಿ ಶುರುವಾಗುತ್ತದೆ ಮಾರಾಯ್ರೆ.

ಪಲ್ಲವಿಯ ಒಂದೇ ಸಾಲು ಮತ್ತೆ ಮತ್ತೆ ಬರುತ್ತಾ, ಪ್ರತಿಸಲವೂ ಸ್ವಲ್ಪ ಸ್ವಲ್ಪ ಬೆಳೆಯುತ್ತಾ ಮೇಲೇರಿದರೆ ಅವು ಸಂಗತಿಗಳು. ಮೊದಲ ಊಹೆ ತ್ಯಾಗರಾಜರೇ ಆಗಿರಲಿ. ಖರಹರಪ್ರಿಯದ 'ಚಕ್ಕನಿ ರಾಜ' ಕೇಳಿದರೆ ಗೊತ್ತಾಗುತ್ತದೆ. ಇನ್ನೊಂದು ಗುರುತೂ ಇದೆ: ಪಲ್ಲವಿ ಆದ ಮೇಲಿನ ಅನುಪಲ್ಲವಿಯಲ್ಲಿ ಕೇಳಿದ ಧಾಟಿಯೇ ಚರಣದ ಕೊನೆಯ ಭಾಗದಲ್ಲಿ ತಿರುಗಿ ಬರುತ್ತದೆ. ಅವರ ಎಷ್ಟೋ ಕೃತಿಗಳಲ್ಲಿ ಹೀಗೆ.

ದೀಕ್ಷಿತರು ಅವಸರ ಮಾಡುವವರಲ್ಲ. ಉದ್ದ ಸ್ವರಗಳು, ಸ್ವರವನ್ನು ತೂಗಿ ಜಾರಿಸುವ ಗಮಕ, ರಾಗ ನಿಧಾನ ಬಿಚ್ಚಿಕೊಳ್ಳುತ್ತದೆ. ಆಮೇಲೆ ಕೊನೆಯಲ್ಲಿ, ತಾಳ ಇದ್ದ ಹಾಗೇ ಇರುತ್ತದೆ, ಸಾಹಿತ್ಯ ಮಾತ್ರ ಎರಡು ಪಟ್ಟು ವೇಗಕ್ಕೆ ಹೋಗುತ್ತದೆ. ಇದೇ ಮಧ್ಯಮಕಾಲ. ವಾದ್ಯದಲ್ಲಿ ಸ್ವರಗಳು ಒಮ್ಮೆಲೇ ಒತ್ತಾಗಿ ಬಂದ ಹಾಗೆ ಕೇಳಿಸುತ್ತದೆ. 'ವಾತಾಪಿ ಗಣಪತಿಂ' ಎಲ್ಲರಿಗೂ ಪರಿಚಯ, ಅದರ ಕೊನೆಗೆ ಕಿವಿ ಕೊಡಿ. ಆ ಓಟದಲ್ಲೇ 'ಗುರುಗುಹ' ಸಿಗುತ್ತದೆ, 'ಹಂಸಧ್ವನಿ' ಎಂದು ರಾಗದ ಹೆಸರೂ ಸಿಗುತ್ತದೆ. ಆದರೆ ಈ ಕೃತಿಯಲ್ಲಿ ಸಂಗತಿಗಳು ಜಾಸ್ತಿ. ಅವನ್ನು ಆಮೇಲಿನ ವಿದ್ವಾಂಸರು ಸೇರಿಸಿದ್ದು ಎನ್ನುತ್ತಾರೆ.

ಶ್ಯಾಮಾ ಶಾಸ್ತ್ರಿಗಳಿಗೆ ಕೈಯಲ್ಲಿ ತಾಳ ಹಾಕಿ ನೋಡಿ. ತಕಿಟ ತಕದಿಮಿ, ಮೂರು ಮತ್ತು ನಾಲ್ಕು, ಒಟ್ಟು ಏಳು ಎಣಿಕೆಯ ಮಿಶ್ರಛಾಪು ತಾಳ. ಇದು ಅವರಿಗೆ ಬಹಳ ಇಷ್ಟ. ಕೆಲವೊಮ್ಮೆ ತಿರುಗಿಸಿ ನಾಲ್ಕು-ಮೂರು ಮಾಡುತ್ತಾರೆ, ಪೂರ್ವಿಕಲ್ಯಾಣಿಯ 'ನಿನ್ನು ವಿನಗಮರಿ' ಹಾಗೆ. ಸಾಹಿತ್ಯ ಇದ್ದರೆ ಅಮ್ಮನನ್ನು ಕರೆಯುವ ಮಗುವಿನ ಧ್ವನಿ, ಕಾಮಾಕ್ಷಿಯ ಹೆಸರು.

ದ್ರಾಕ್ಷಿ, ತೆಂಗಿನಕಾಯಿ, ಬಾಳೆಹಣ್ಣು ಎಂದು ಮೂವರನ್ನೂ ಹೋಲಿಸುವ ಹಳೆಯ ಮಾತೊಂದಿದೆ. ಭಾಷಣಕ್ಕೆ ಚೆಂದ, ಕಚೇರಿಯಲ್ಲಿ ಅದರಿಂದ ಏನೂ ಪ್ರಯೋಜನವಿಲ್ಲ.

ಎಡವುವ ಜಾಗ ಒಂದಿದೆ. ಮೈಸೂರು ವಾಸುದೇವಾಚಾರ್ಯರ 'ಬ್ರೋಚೇವಾರೆವರುರಾ' ಕೇಳಿ ತ್ಯಾಗರಾಜರದ್ದು ಎಂದರೆ ತಲೆತಗ್ಗಿಸಬೇಕಾಗಿಲ್ಲ. ಆಚಾರ್ಯರ ಗುರುಗಳು ಪಟ್ಣಂ ಸುಬ್ರಹ್ಮಣ್ಯ ಅಯ್ಯರ್, ಅವರು ತ್ಯಾಗರಾಜರ ಶಿಷ್ಯಪರಂಪರೆಯವರು. ಮನೆತನದ ಮುಖ ಕಾಣದೆ ಇರುತ್ತದಾ? ಇಂಥ ಕಡೆ 'ವಾಸುದೇವ' ಅಂಕಿತ ಬರುವವರೆಗೆ ಸುಮ್ನೆ ಕಾಯುವುದೇ ಒಳ್ಳೆಯದು.

ಅಭ್ಯಾಸಕ್ಕೆ ಒಂದೇ ರಾಗ ಹಿಡಿಯಿರಿ. ತೋಡಿಯಲ್ಲಿ ತ್ಯಾಗರಾಜರ 'ಕದ್ದನುವಾರಿಕಿ', ದೀಕ್ಷಿತರ 'ಕಮಲಾಂಬಿಕೇ', ಶಾಸ್ತ್ರಿಗಳ ಸ್ವರಜತಿ (ಸ್ವರಗಳಿಗೇ ಸಾಹಿತ್ಯ ಕೂಡಿಸಿದ ರಚನೆ) 'ರಾವೇ ಹಿಮಗಿರಿ ಕುಮಾರಿ' ಒಂದರ ಹಿಂದೆ ಒಂದು ಕೇಳಿ. ರಾಗ ಒಂದೇ ಆದ್ದರಿಂದ ಉಳಿದ ವ್ಯತ್ಯಾಸ ಎದ್ದು ಕಾಣುತ್ತದೆ. ಆಮೇಲೆ ವೀಣೆಯದ್ದೋ ಸ್ಯಾಕ್ಸೊಫೋನಿನದ್ದೋ ಹಾಕಿ, ಫೋನನ್ನು ಮಗುಚಿ ಇಟ್ಟು ಕೇಳಿ. ಹೆಸರು ಕಾಣುತ್ತಿದ್ದರೆ ಕಿವಿ ಕೆಲಸ ಮಾಡುವುದಿಲ್ಲ, ಅಲ್ವಾ?