ಯಾರು ಕೊಂದರು ಎಂದು ಕೇಳುವುದನ್ನು ಬಿಟ್ಟೆವು

ಜಮಖಂಡಿಯಲ್ಲಿ ನನ್ನದೊಂದು ಸಣ್ಣ ಪ್ರಿಂಟಿಂಗ್ ಪ್ರೆಸ್ ಇದೆ. ಲಗ್ನಪತ್ರ, ಬಿಲ್ ಬುಕ್, ಜಾತ್ರೆಯ ಕರಪತ್ರ, ಶ್ರದ್ಧಾಂಜಲಿ ಫ್ಲೆಕ್ಸ್ ಮಾಡುತ್ತೇನೆ. ನಮ್ಮೂರಿನ ಟೇಲರ್ ಅಕ್ಕನ ಬಿಲ್ ಬುಕ್ ಅಚ್ಚು ಹಾಕುತ್ತಿದ್ದವನೂ ನಾನೇ. ಆರು ವರ್ಷದ ಹಿಂದೆ, ಶೀಗಿ ಹುಣ್ಣಿಮೆಯ ಮರುದಿನ ಸಂಜೆ, ಹೊಲಿದ ಕುಪ್ಪಸ ಕೊಟ್ಟು ಬರಲು ತೋಟದ ಮನೆಗಳ ಕಡೆ ಹೋದ ಅಕ್ಕ ತಿರುಗಿ ಬರಲಿಲ್ಲ. ಬೆಳಗಾದ ಮೇಲೆ ಕಬ್ಬಿನ ಪಡದ ಬದುವಿನಲ್ಲಿ ಸಿಕ್ಕಳು. ಕೊಂದವರು ಯಾರೆಂದು ಇಂದಿಗೂ ಗೊತ್ತಾಗಿಲ್ಲ. ಅವಳ ಹೆಸರು ಇಲ್ಲಿ ಬರೆದಿಲ್ಲ. ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ, ಅವಳೇ ಬೇಡ ಅಂದಳು.

ಮೊದಲ ವರ್ಷ ನಾವು ಮಾಡಿದ್ದೆಲ್ಲ ತಪ್ಪು. ‘ನ್ಯಾಯ ಬೇಕು’ ಎಂದು ಹತ್ತು ಅಡಿಯ ಫ್ಲೆಕ್ಸ್ ಮಾಡಿದೆ. ಮೇಲೆ ಮುಖಂಡರ ಫೋಟೋ, ಕೆಳಗೆ ಊರಿನ ಹುಡುಗರ ಫೋಟೋ, ನಡುವೆ ಅಕ್ಕನದು ಅಂಗೈಯಷ್ಟು. ತಹಶೀಲ್ದಾರ್ ಕಚೇರಿಗೆ ಮೆರವಣಿಗೆ ಹೋದೆವು, ಮನವಿ ಕೊಟ್ಟೆವು, ಪೇಪರಿನಲ್ಲಿ ಸುದ್ದಿ ಬಂತು. ತಿಂಗಳಲ್ಲಿ ಎಲ್ಲ ತಣ್ಣಗಾಯಿತು. ಅಷ್ಟರಲ್ಲಿ ಯಾರೋ ಒಬ್ಬ ಹುಡುಗನ ಫೋಟೋಕ್ಕೆ ‘ಇವನೇ’ ಎಂದು ಬರೆದು ವಾಟ್ಸಾಪ್‌ನಲ್ಲಿ ಬಿಟ್ಟರು. ಆ ಸಂಜೆ ಆ ಹುಡುಗ ಊರಲ್ಲೇ ಇರಲಿಲ್ಲ. ಅವನ ಅಪ್ಪ ನನ್ನ ಅಂಗಡಿಗೆ ಬಂದು ಕೈಮುಗಿದು ನಿಂತ. ಅವತ್ತು ರಾತ್ರಿ ಪೂರ್ತಿ ಒಂದೊಂದು ಗ್ರೂಪಿನವರಿಗೂ ಫೋನ್ ಮಾಡಿ ಅಳಿಸಲು ಹೇಳಿದೆವು. ಅಂದಿನಿಂದ ನಮ್ಮ ಮೈಕಿನಲ್ಲಾಗಲಿ ಕರಪತ್ರದಲ್ಲಾಗಲಿ ಯಾರ ಮೇಲೂ ಬೊಟ್ಟು ಮಾಡುವುದಿಲ್ಲ ಎಂದು ನಿಶ್ಚಯಿಸಿದೆವು. ಇಂಥ ಕೆಲಸಕ್ಕೆ ಇಳಿಯುವವರು ಮೊದಲ ದಿನವೇ ಇದನ್ನು ನಿಶ್ಚಯಿಸಿಕೊಳ್ಳಬೇಕು. ನಾವು ತಡಮಾಡಿದ್ದರಿಂದ ಒಂದು ಮನೆ ನೊಂದಿತು.

ದಾರಿ ತೋರಿಸಿದ್ದು ಅಕ್ಕನ ತಾಯಿ. ಹೊಸ ಕರಪತ್ರದ ಪ್ರೂಫ್ ಓದಿ ಹೇಳುತ್ತಿದ್ದೆ. ನಡುವೆಯೇ ತಡೆದಳು. “ತಮ್ಮಾ, ‘ಯಾರ ಕೊಂದಾರ ಹೇಳ್ರಿ’ ಅಂದ್ರ ಯಾರ್ ಹೇಳ್ತಾರ? ‘ಅವತ್ತ ಸಂಜೀಕ ನೀವ್ ಎಲ್ಲಿದ್ರಿ’ ಅಂತ ಕೇಳು. ಅದಕ್ಕ ಎಲ್ಲಾರ ಕಡೆನೂ ಉತ್ತರ ಐತಿ.”

“ಖರೆ ಐತಿ ದೊಡ್ಡವ್ವ” ಅಂದೆ. ಪ್ರೂಫ್ ಹರಿದು ಹಾಕಿದೆ.

ಕಂಡವರಿಗೆ ತಾವು ಕಂಡದ್ದು ಸಾಕ್ಷಿ ಎಂದೇ ಗೊತ್ತಿರುವುದಿಲ್ಲ. ತಾರೀಕು ಕೇಳಿದರೆ ನಮ್ಮ ಕಡೆ ಯಾರೂ ನೆನಪಿಡುವುದಿಲ್ಲ, ಹಬ್ಬ ಹೇಳಿದರೆ ಎಲ್ಲ ನೆನಪಾಗುತ್ತದೆ. ಶೀಗಿ ಹುಣ್ಣಿಮೆಗೆ ಊರಿಗೂರೇ ಬಂಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ, ಅಂದರೆ ಭೂಮಿತಾಯಿಗೆ ಎಡೆ, ಚೆಲ್ಲುತ್ತದೆ. ಮರುದಿನ ಉಳಿದ ಕಡುಬು, ರೊಟ್ಟಿ, ಮನೆಗೆ ಬಂದ ಬೀಗರು. ಹೊಸ ಕರಪತ್ರದಲ್ಲಿ ಮೂರೇ ಪ್ರಶ್ನೆ ಇಟ್ಟೆ: ಚರಗ ಚೆಲ್ಲಿದ ಮರುದಿನ ಸಂಜೆ ಆರರಿಂದ ಎಂಟರವರೆಗೆ ಈ ದಾರಿಯಲ್ಲಿ ನೀವು ಹೋದಿರಾ? ಹಸಿರು ಕೈಚೀಲ ಹಿಡಿದ ಹೆಂಗಸನ್ನು ಕಂಡಿರಾ? ದಾರಿಯಲ್ಲಿ ನಿಂತ ಗಾಡಿ ಯಾವುದಾದರೂ ಇತ್ತಾ? ಅಂಥದೇ ಹಸಿರು ಚೀಲ ಸಂತೆಯಲ್ಲಿ ಕೊಂಡು ಫೋಟೋ ತೆಗೆದು ಹಾಕಿದೆ. ಅಕ್ಕನ ಮುಖ ಅರ್ಧ ಪುಟ. ಒನ್ ಬೈ ಏಟ್ ಡೆಮಿ ಅಳತೆ, ಅಂದರೆ ಸಣ್ಣ ನೋಟ್‌ಬುಕ್ಕಿನ ಹಾಳೆಯಷ್ಟು, ಒಮ್ಮೆ ಮಡಚಿದರೆ ಜೇಬಿನಲ್ಲಿ ಉಳಿಯುವ ಹಾಗೆ. ಹಿಂದಿನ ಮಗ್ಗುಲು ಮರಾಠಿ. ಸಕ್ಕರೆ ಕಾರ್ಖಾನೆ ಶುರುವಾಗುವ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯಿಂದ ಕಬ್ಬು ಕಡಿಯುವ ಗ್ಯಾಂಗುಗಳು ಬರುತ್ತವೆ, ಬೇಸಿಗೆಗೆ ಹೋಗಿಬಿಡುತ್ತವೆ. ಆ ವರ್ಷ ಮೊದಲು ಬಂದ ಗ್ಯಾಂಗಿನವರನ್ನು ಯಾರೂ ಸರಿಯಾಗಿ ವಿಚಾರಿಸಿರಲಿಲ್ಲ. ಗ್ಯಾಂಗಿನ ಮೇಸ್ತ್ರಿಗಳಾದ ಮುಕಾದಮರ ಕೈಗೇ ಕಟ್ಟುಗಟ್ಟಲೆ ಕೊಟ್ಟೆವು.

ಜನವರಿಯಲ್ಲಿ ಬಾದಾಮಿ ಬನಶಂಕರಿ ಜಾತ್ರೆಗೂ ಹೋದೆವು. ಅಲ್ಲಿ ನಾಟಕ ಕಂಪನಿಗಳ ಥಿಯೇಟರುಗಳು ಸಾಲಾಗಿ ನಿಲ್ಲುತ್ತವೆ. ಒಂದು ಕಂಪನಿಯ ಮಾಲೀಕರು ಪರದೆ ಏಳುವ ಮುಂಚೆ ಎರಡು ನಿಮಿಷ ಕೊಟ್ಟರು. ದೊಡ್ಡವ್ವ ಸ್ಟೇಜಿನ ಮೇಲೆ ನಿಂತು ಮೂರು ಪ್ರಶ್ನೆ ಕೇಳಿದಳು, ಅಷ್ಟೇ. ಅಳಲಿಲ್ಲ.

ಠಾಣೆಗೆ ಹೋಗಲು ಜನ ಅಂಜುತ್ತಾರೆ. ನಮ್ಮ ಮುಂದೆ ಹೇಳಿಸುವುದೂ ಒಳ್ಳೆಯದಲ್ಲ. ಹೇಳಿದ ಮಾತು ಊರು ಸುತ್ತಿದರೆ ಕೇಸೂ ಕೆಡುತ್ತದೆ, ಹೇಳಿದವರ ಜೀವಕ್ಕೂ ಕುತ್ತು. ಅದಕ್ಕೆ ಅಂಚೆಯ ಇನ್‌ಲ್ಯಾಂಡ್ ಲೆಟರ್ ಕೊಂಡು, ಬಾಗಲಕೋಟೆ ಎಸ್‌ಪಿ ಕಚೇರಿಯ ವಿಳಾಸ ಅಚ್ಚು ಹಾಕಿ, ಕರಪತ್ರದೊಳಗೆ ಇಟ್ಟು ಕೊಟ್ಟೆವು. ಹೆಸರು ಬರೆಯಬೇಕಿಲ್ಲ, ಅಂಟಿಸಿ ಡಬ್ಬಿಗೆ ಹಾಕಿದರೆ ಸಾಕು. ನನ್ನ ಕಸುಬಿನಿಂದ ಆದ ಕೆಲಸಗಳಲ್ಲಿ ನನಗೆ ಹೆಚ್ಚು ಸಮಾಧಾನ ಕೊಟ್ಟದ್ದು ಇದೇ.

ಎಲ್ಲಕ್ಕಿಂತ ಬಿಗಿಯಾದ ಬೀಗ ಊರಿನ ಬಾಯಿ. “ಹೊತ್ತ ಮುಳುಗಿದ ಮ್ಯಾಲ ಆಕಿ ಯಾಕ ಹೋಗಿದ್ಲು?” ಎನ್ನುವ ಮಾತು ಕಟ್ಟೆಗಳಲ್ಲಿ ನಡೆದೇ ಇತ್ತು. ಆ ಮಾತಿರುವ ತನಕ ಕಂಡವರೂ ಕಂಡೆನೆನ್ನಲು ಹಿಂಜರಿಯುತ್ತಾರೆ. ಆ ಬಾಯಿ ಮುಚ್ಚಿಸಿದವರು ಹೆಂಗಸರು. ಎರಡನೆಯ ವರ್ಷದ ಪುಣ್ಯತಿಥಿಗೆ, ಯಾರೂ ಕರೆ ಕೊಡದೆ, ಅಕ್ಕ ಹೊಲಿದ ಗುಳೇದಗುಡ್ಡ ಖಣದ ಕುಪ್ಪಸ ತೊಟ್ಟು ಒಬ್ಬೊಬ್ಬರಾಗಿ ಬಂದರು. ಬಸವಣ್ಣನ ಗುಡಿಯ ಅಂಗಳ ತುಂಬಿತು. ಒಬ್ಬಾಕೆ ಎದ್ದು ನಿಂತು, “ನನ್ನ ಕುಪ್ಪಸಾ ಕೊಡಾಕ ಬಂದಿದ್ಲು. ನಾನ ಹೇಳಿ ಕಳಿಸಿದ್ದೆ, ನಾಳೆ ಲಗ್ನಕ್ಕ ಹೋಗೂದೈತಿ, ಇವತ್ತ ತಂದ ಕೊಡು ಅಂತ” ಎಂದಳು. ಎರಡು ವರ್ಷ ಅವಳು ಅದನ್ನು ಒಳಗೇ ಇಟ್ಟುಕೊಂಡಿದ್ದಳು. ಮರುವಾರ ಠಾಣೆಯಲ್ಲಿ ಹೇಳಿಕೆ ಕೊಟ್ಟಳು. ಅಕ್ಕ ಅಲ್ಲಿಂದ ಹೊರಟ ಹೊತ್ತು ನಮಗೆ ಮೊದಲ ಬಾರಿ ತಿಳಿಯಿತು.

ಕಾನೂನಿನದೂ ಒಂದು ಮಾತು ಹೇಳಬೇಕು. ಪತ್ತೆಯಾಗದ ಪ್ರಕರಣಕ್ಕೆ ಪೊಲೀಸರು ಕೋರ್ಟಿಗೆ ‘ಸಿ’ ರಿಪೋರ್ಟ್ ಹಾಕುತ್ತಾರೆ. ಹಾಗೆ ಮುಗಿಸುವ ಮುನ್ನ ದೂರು ಕೊಟ್ಟವರಿಗೆ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂದು ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ದೊಡ್ಡವ್ವನಿಗೂ ನೋಟಿಸ್ ಬಂದಿತ್ತು. ಓದಲು ಬಾರದ ಆಕೆ ಅದನ್ನು ದೇವರ ಜಗಲಿಯ ಮೇಲೆ ವಿಭೂತಿ ಗಟ್ಟಿಯ ಕೆಳಗೆ ಇಟ್ಟಿದ್ದಳು. ನಮ್ಮ ಕಣ್ಣಿಗೆ ಬಿದ್ದದ್ದು ತಿಂಗಳಾದ ಮೇಲೆ. ವಕೀಲರು ತಕರಾರು ಅರ್ಜಿ ಹಾಕಿ, ಮುಂದಿನ ತನಿಖೆ ಕೇಳಿದರು. ಕೊಲೆಗೆ ಕಾಲಮಿತಿ ಇಲ್ಲ, ಹೊಸ ಸುಳಿವು ಸಿಕ್ಕರೆ ತನಿಖೆ ಮತ್ತೆ ನಡೆಯಬಹುದು ಎಂದು ಧೈರ್ಯ ತುಂಬಿದರು. ಸಂಶೋಧಕ ಎಂ.ಎಂ. ಕಲಬುರ್ಗಿ ಸರ್ ಅವರ ಉದಾಹರಣೆ ಕೊಟ್ಟವರೂ ಅವರೇ. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿ ಅವರ ಕೊಲೆಯಾಯಿತು. ಅವರ ಪತ್ನಿ ಸುಪ್ರೀಂ ಕೋರ್ಟಿನ ತನಕ ಹೋದರು, 2019ರಲ್ಲಿ ತನಿಖೆ ವಿಶೇಷ ತನಿಖಾ ತಂಡಕ್ಕೆ (ಎಸ್‌ಐಟಿ) ಹೋಗಿ ಆರೋಪಪಟ್ಟಿ ಸಲ್ಲಿಕೆಯಾಯಿತು. ಇನ್ನೊಂದು ಸಂಗತಿ ಬಹಳ ಮನೆಗಳಿಗೆ ಗೊತ್ತಿಲ್ಲ: ಆರೋಪಿ ಪತ್ತೆಯಾಗದಿದ್ದರೂ ಸತ್ತವರ ಅವಲಂಬಿತರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಪರಿಹಾರಕ್ಕೆ ಅರ್ಜಿ ಹಾಕಬಹುದು. ಮಗಳ ಪರವಾಗಿ ನಾವೂ ಹಾಕಿದೆವು. 2024ರ ಜುಲೈ 1ರಿಂದ ಜಾರಿಯಾದ ಹೊಸ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ತನಿಖೆ ಎಲ್ಲಿಗೆ ಬಂತೆಂದು ಪೊಲೀಸರೇ 90 ದಿನದೊಳಗೆ ದೂರುದಾರರಿಗೆ ತಿಳಿಸಬೇಕು. ನಮಗೆ ಆ ಅನುಕೂಲ ಇರಲಿಲ್ಲ, ಪ್ರತಿ ತಿಂಗಳು ನಾವೇ ಹೋಗಿ ಕೇಳಿದೆವು.

ಕೋರ್ಟು ಮುಂದಿನ ತನಿಖೆಗೆ ಹೇಳಿತು. ಕಳೆದ ವರ್ಷ ಬಂದ ಒಂದು ಇನ್‌ಲ್ಯಾಂಡ್ ಲೆಟರಿನಲ್ಲಿ ದಾರಿಯ ತಿರುವಿನಲ್ಲಿ ದೀಪ ಆರಿಸಿ ನಿಂತಿದ್ದ ಗಾಡಿಯೊಂದರ ಸುದ್ದಿ ಇತ್ತಂತೆ. ಅದಕ್ಕಿಂತ ಹೆಚ್ಚು ನಮಗೆ ಹೇಳಿಲ್ಲ, ಹೇಳುವುದೂ ಸರಿಯಲ್ಲ. ಈ ಶೀಗಿ ಹುಣ್ಣಿಮೆಯ ಕರಪತ್ರಕ್ಕೆ ತನಿಖಾಧಿಕಾರಿಯನ್ನು ಕೇಳಿಯೇ ನಾಲ್ಕನೆಯ ಪ್ರಶ್ನೆ ಸೇರಿಸಿದ್ದೇನೆ. ದೊಡ್ಡವ್ವ ನಿನ್ನೆ ಪ್ರೆಸ್ಸಿಗೆ ಬಂದು, ಒಣಗದ ಹಾಳೆಯೊಂದನ್ನು ಅಂಚಿನಲ್ಲಿ ಹಿಡಿದು, “ಇದನ್ನ ಮೊದಲ ತಿರುವಿನ ಮನಿಯವರಿಗೆ ಕೊಡೂಣು” ಅಂದಳು.